ಬೇಸಿಗೆಯ ಇದ್ದಿಲು

ಎಂಬತ್ತರ ದಶಕದ ನಡುವಿನಲ್ಲಿ, ಎಂಜಿನಿಯರಿಂಗ್ ಮುಗಿಸಿದ ಮರುವರ್ಷ, ನನ್ನನ್ನು ಮಧುಗಿರಿಗೆ ಕಳಿಸಿದರು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ತಾತ್ಕಾಲಿಕ ಕೆಲಸ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟವಾಗುತ್ತಿತ್ತು. ರೇಷ್ಮೆ ಹುಳು ಸಾಕುವ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಎಷ್ಟು ಇದ್ದಿಲು ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳಲು ನಮ್ಮ ಮುಖ್ಯಸ್ಥರು ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದಿದ್ದರು. ಗೋಡೆ ಎಷ್ಟು ದಪ್ಪ, ಮೇಲೆ ಮಣ್ಣಿನ ಮಾಳಿಗೆಯೋ ಹೆಂಚೋ, ಕಿಟಕಿ ಎಷ್ಟು, ಹೊರಗೆ ಯಾವ ತಿಂಗಳು ಎಷ್ಟು ಚಳಿ, ಇವನ್ನೆಲ್ಲ ತೂತು ಕೊರೆದ ಕಾರ್ಡುಗಳಲ್ಲಿ ತುಂಬಿ ಕೊಟ್ಟರೆ ಆ ಯಂತ್ರ ಅಂಕಿಗಳಲ್ಲೇ ಒಂದು ಮನೆ ಕಟ್ಟಿಕೊಂಡು, ತಿಂಗಳಿಗಿಷ್ಟು ಕೆಜಿ ಇದ್ದಿಲು ಎಂದು ಅಚ್ಚು ಹಾಕಿ ಕೊಡುತ್ತಿತ್ತು. ಅದು ಹೇಳಿದ್ದು ಮಣ್ಣಿನ ಮನೆಯಲ್ಲೂ ನಿಜವಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ.

ನಾಲ್ಕು ತಾಲ್ಲೂಕಿನಲ್ಲಿ ನಾಲ್ಕು ಮನೆ. ಸೋಮವಾರ ದೊಡ್ಡೇರಿ ಕಡೆಯ ಒಂದು ಹಳ್ಳಿ, ಮಂಗಳವಾರ ಕೊರಟಗೆರೆಯಾಚೆ ಸಿದ್ದರಬೆಟ್ಟದ ದಾರಿಯಲ್ಲಿದ್ದ ತೋಟದ ಮನೆ, ಬುಧವಾರ ಸಿರಾ ಪೇಟೆಯ ಅಂಚಿನ ಒಂದು ಮುಸ್ಲಿಂ ಕುಟುಂಬ, ಗುರುವಾರ ಪಾವಗಡ ದಾಟಿ ನಿಡುಗಲ್ಲು ಬೆಟ್ಟದ ಬುಡ. ಎಲ್ಲ ಕಡೆಯೂ ಮಾಡುವುದು ಒಂದೇ. ಇದ್ದಿಲಿನ ಚೀಲವನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗುವುದು, ಹುಳುವಿನ ಕೋಣೆಯ ಥರ್ಮಾಮೀಟರ್ ನೋಡುವುದು, ಎರಡು ಅಂಕಿ ಬರೆದುಕೊಂಡು ಮುಂದಿನ ಬಸ್ಸು ಹಿಡಿಯುವುದು. ಇದ್ದಿಲು ಸಂಸ್ಥೆಯದೇ. ನಾವೇ ಚೀಲ ತಂದು ಇಳಿಸುತ್ತಿದ್ದೆವು. ಅದಕ್ಕೇ ಮನೆಯವರು ನನ್ನನ್ನು ಒಳಕ್ಕೆ ಬಿಟ್ಟುಕೊಂಡಿದ್ದರು. ಸಿರಾದ ಮನೆಯಲ್ಲಿ ಬಾಗಿಲ ಪರದೆಯ ಈಚೆಗೆ ಚೀಲ ತಂದಿಟ್ಟಿರುತ್ತಿದ್ದರು. ಹಿರಿಯರು ಕುರ್ಚಿ ತೋರಿಸಿ, ನಾನು ಮುಗಿಸುವವರೆಗೆ ತಾವು ನಿಂತೇ ಇದ್ದು, ಖುದಾ ಹಾಫಿಜ್ ಹೇಳಿ ಕಳಿಸುತ್ತಿದ್ದರು. ಪಾವಗಡದ ಕಡೆಯವರು ತಮ್ಮೊಳಗೆ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮಾತು ನನ್ನ ಬಗ್ಗೆಯೇ ಎಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ.

ಮಧುಗಿರಿಯಲ್ಲಿ ನನಗೆ ಸಿಕ್ಕಿದ್ದು ಒಬ್ಬ ದರ್ಜಿಯ ಅಂಗಡಿಯ ಹಿಂದಿನ ಕೋಣೆ. ಹಗಲೆಲ್ಲ ಹೊಲಿಗೆ ಯಂತ್ರದ ಸದ್ದು ಗೋಡೆಯ ಮೂಲಕ ಬರುತ್ತಿತ್ತು. ಸಂಜೆ ಅದು ನಿಂತರೆ ಆಮೇಲೆ ಏನೂ ಇಲ್ಲ. ಅಪ್ಪ ಅಮ್ಮ ಇರಲಿಲ್ಲ. ಮೈಸೂರಿನಲ್ಲಿ ಅಣ್ಣನ ಮನೆಯಿತ್ತು, ಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಒಗೆದು ಹರವಿ ಕೂತಾಗ, ಶುಕ್ರವಾರದಿಂದ ನಾನು ಬಾಯಿಬಿಟ್ಟು ಆಡಿದ ಮಾತುಗಳನ್ನೆಲ್ಲ ನೆನಪಿಸಿಕೊಂಡೆ. ಎರಡು ಇಡ್ಲಿ, ಒಂದು ವಡೆ, ಸಾಕು. ಅಷ್ಟೇ ಇತ್ತು.

ಸೋಮವಾರದ ಮನೆ ಬೇರೆಯಾಗಿತ್ತು. ಊರಿನಿಂದ ಸ್ವಲ್ಪ ಹೊರಗೆ, ಹೊಲದ ಬದಿಗೆ ಒಂಟಿಯಾಗಿದ್ದ ಮಾಳಿಗೆ ಮನೆ. ಕುರಿ ಸಾಕುವ ಕುಟುಂಬ. ನಲವತ್ತೈದರ ಆಸುಪಾಸಿನ ಹೆಂಗಸು ಬಾವಿಯ ನೀರಿನಲ್ಲಿ ಒಂದಿಷ್ಟು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದರು. ಗಂಡ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಬರುವುದು ಹೊತ್ತು ಮುಳುಗುವಾಗ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಆಂಧ್ರದ ಗಡಿಯಾಚೆ ಇದ್ದರು. ನಾನು ಹತ್ತು ಗಂಟೆಯ ಬಸ್ಸಿಗೆ ಹೋಗುತ್ತಿದ್ದರಿಂದ ಗಂಡನನ್ನು ಕಂಡಿದ್ದೇ ಕಡಿಮೆ. ಆಕೆ ನನ್ನನ್ನು ಇದ್ದಿಲು ಮೇಷ್ಟ್ರು ಎಂದು ಊರಿನವರ ಹತ್ತಿರ ಹೇಳಿಕೊಂಡಿದ್ದರು. ತೂಗಿ ಮುಗಿಸಿದ ಮೇಲೆ ಜಗಲಿಯಲ್ಲಿ ಕೂರಿಸಿ ಒಂದು ಚೊಂಬು ಅಂಬಲಿ, ಒಂದು ಈರುಳ್ಳಿ ಕೊಡುತ್ತಿದ್ದರು. ನಾನು ಕುಡಿಯುವವರೆಗೆ ಎದುರಿಗೆ ಕೂತು ಹುಳುವಿನ ಸುದ್ದಿ ಹೇಳುತ್ತಿದ್ದರು. ಪೊರೆ ಕಳಚಲು ಎರಡನೇ ಜ್ವರಕ್ಕೆ ಕೂತಿವೆ, ನಾಳೆ ಏಳುತ್ತವೆ, ಎದ್ದ ಮೇಲೆ ಹಸಿವು ಜಾಸ್ತಿ, ಹೀಗೆ. ಮನುಷ್ಯರ ಮಕ್ಕಳ ಬಗ್ಗೆ ಹೇಳುತ್ತಿದ್ದಾರೋ ಎನ್ನಿಸುತ್ತಿತ್ತು.

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಿಂದ ದಪ್ಪನೆಯ ಲಕೋಟೆ ಬಂತು. ಒಳಗೆ ಹಸಿರು ಪಟ್ಟೆಯ ಉದ್ದನೆಯ ಹಾಳೆಗಳು. ನಾಲ್ಕು ಮನೆಗಳಿಗೂ ಯಂತ್ರ ಹೇಳಿದ್ದು ಒಂದು ಸಾಲು, ನಾನು ತೂಗಿದ್ದು ಪಕ್ಕದ ಸಾಲು. ಮೂರು ಮನೆಗಳಲ್ಲಿ ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ನಡೆದಿದ್ದವು. ದೊಡ್ಡೇರಿಯ ಮನೆ ಮಾತ್ರ ಯಂತ್ರ ಹೇಳಿದ್ದರ ಅರ್ಧದಷ್ಟು ಇದ್ದಿಲಿನಲ್ಲೇ ಚಳಿಗಾಲ ಕಳೆಯುತ್ತಿತ್ತು. ಮುಖ್ಯಸ್ಥರು ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: ಅಳತೆ ಪರೀಕ್ಷಿಸಿ.

ಪರೀಕ್ಷಿಸಿದೆ. ಮೊದಲು ತಕ್ಕಡಿಯ ಮೇಲೆ ಅನುಮಾನ. ಮಂಡಿಯ ಅಂಗಡಿಯೊಂದರಲ್ಲಿ ಮುದ್ರೆಯೊತ್ತಿದ ತೂಕದ ಬಟ್ಟುಗಳನ್ನು ಬೇಡಿ ಪಡೆದು ಒಂದೊಂದಾಗಿ ತೂಗಿದೆ, ತಕ್ಕಡಿ ಸರಿಯಾಗಿತ್ತು. ಥರ್ಮಾಮೀಟರ್ ಅಗ್ಗಿಷ್ಟಿಕೆಗೆ ತೀರ ಹತ್ತಿರವಿದೆಯೇನೋ ಎಂದು ಎದುರು ಗೋಡೆಗೆ ಬದಲಾಯಿಸಿದೆ. ಕೋಣೆ ಅಲ್ಲೂ ಅಷ್ಟೇ ಬೆಚ್ಚಗಿತ್ತು. ಗೋಡೆಯನ್ನು ಮತ್ತೆ ಅಳೆದೆ. ಮಾಳಿಗೆಯ ಮಣ್ಣನ್ನು ಒಂದು ಮೂಲೆಯಲ್ಲಿ ಕೆದಕಿ ದಪ್ಪ ನೋಡಿದೆ. ಆಕೆ ಕೆಳಗೆ ಏಣಿ ಹಿಡಿದು ನಿಂತು, ಮಳೆ ಬಂದರೆ ಅಲ್ಲೇ ಸೋರುತ್ತದೆ, ಸರಿಯಾಗಿ ಮುಚ್ಚಿ ಎಂದರು. ಬೆಂಗಳೂರಿಗೆ ಹೋಗಿ ಕಾರ್ಡುಗಳ ಕಟ್ಟನ್ನು ಬಿಚ್ಚಿ, ತಿಂಗಳು ಹಿಂದುಮುಂದಾಗಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದೆ. ಎಲ್ಲವೂ ಇರಬೇಕಾದಲ್ಲೇ ಇತ್ತು. ಮುಖ್ಯಸ್ಥರು ಏನೂ ಬೈಯಲಿಲ್ಲ. ಬೈದಿದ್ದರೆ ಯಾರಾದರೂ ನನ್ನೊಂದಿಗೆ ಸ್ವಲ್ಪ ಹೊತ್ತು ಮಾತಾಡಿದಂತಾದರೂ ಆಗುತ್ತಿತ್ತು.

ಜನವರಿಯಲ್ಲಿ ಒಂದು ಸೋಮವಾರ, ಹಾಲಿನ ವ್ಯಾನಿನವನು ಕರೆದನೆಂದು ಅವನ ಜೊತೆ ಹೊರಟು, ಇನ್ನೂ ಮಂಜು ಬಿಡುವ ಮೊದಲೇ ಆ ಮನೆಯ ಮುಂದೆ ಇಳಿದೆ. ಹುಳುವಿನ ಕೋಣೆಗೆ ಅಂಟಿಕೊಂಡಿದ್ದ ಕೊಟ್ಟಿಗೆಯ ಬಾಗಿಲನ್ನು ಗಂಡ ಆಗಷ್ಟೇ ತೆರೆಯುತ್ತಿದ್ದ. ಒಳಗಿನಿಂದ ಹಬೆ ಎದ್ದು ಬಂತು. ಅದರ ಹಿಂದೆಯೇ ಕುರಿಗಳು. ಒಂದರ ಬೆನ್ನಿಗೆ ಒಂದು ತಗುಲಿಕೊಂಡು, ಕೆಮ್ಮುತ್ತಾ, ಮರಿಗಳನ್ನು ಕರೆಯುತ್ತಾ ಬರುತ್ತಲೇ ಇದ್ದವು. ಎಣಿಸಿದೆ, ಎಂಬತ್ತರ ಮೇಲಿದ್ದವು. ಖಾಲಿಯಾದ ಮೇಲೆ ಒಳಗೆ ಹೋಗಿ ನಡುಗೋಡೆಗೆ ಅಂಗೈ ಇಟ್ಟೆ. ಅನ್ನ ಬಸಿದಿಟ್ಟ ಪಾತ್ರೆಯಂತೆ ಹಿತವಾಗಿ ಬೆಚ್ಚಗಿತ್ತು.

ನಾನು ಆ ಮನೆಯ ನಕ್ಷೆ ಬರೆದುಕೊಂಡಿದ್ದು ಹಿಂದಿನ ಬೇಸಿಗೆಯಲ್ಲಿ. ಆಗ ಕುರಿಗಳು ದೂರ ಮೇಯಲು ಹೋಗಿದ್ದವು. ಕೊಟ್ಟಿಗೆ ಬರಿದಾಗಿತ್ತು, ಬಾಗಿಲು ಹಾರು ಹೊಡೆದಿತ್ತು. ಕಾಗದದ ಮೇಲೆ ಅದಕ್ಕೆ ಖಾಲಿ ಎಂದು ಬರೆದು, ನಡುಗೋಡೆಯನ್ನು ಹೊರಗೋಡೆಗಳ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಆಮೇಲೆ ಚಳಿಗಾಲವಿಡೀ ವಾರವಾರವೂ ಹಿಕ್ಕೆಯ ವಾಸನೆ ಮೂಗಿಗೆ ಬಡಿದಿತ್ತು. ಅದಕ್ಕೂ ಒಂದು ಅಂಕಿ ಕೊಡಬೇಕೆಂದು ನನಗೆ ತೋಚಿರಲೇ ಇಲ್ಲ. ಅಂದು ಅದನ್ನು ಹೇಳಿದಾಗ ಗಂಡ ಹೆಂಡತಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಕುರಿ ಬೆಚ್ಗಿರ್ತವೆ ಅಂತ ತಿಳ್ಕಳಾಕೆ ಬೆಂಗ್ಳೂರಿಂದ ಬರ್ಬೇಕಿತ್ತಾ ಸಾಮಿ" ಎಂದು ಗಂಡ ಕೇಳಿದ. ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಮುಖ್ಯಸ್ಥರಿಗೆ ಬರೆದೆ. ಅವರು ತುಂಬ ಖುಷಿಯಾದರು ಎಂದು ತಿರುಗಿ ಬಂದ ಕಾಗದದಿಂದ ತಿಳಿಯಿತು. ಒಂದೊಂದು ಕುರಿಯನ್ನೂ ಒಂದು ಸಣ್ಣ ಒಲೆ ಎಂದು ಎಣಿಸಿ ಮತ್ತೆ ಲೆಕ್ಕ ಹಾಕಿಸಿದ್ದರು. ಎರಡು ಸಾಲೂ ಕೂಡಿಕೊಂಡಿದ್ದವು. ಹಾಳೆಯ ಅಂಚಿನಲ್ಲಿ ಶಹಬಾಸ್ ಎಂದಿತ್ತು. ಆ ಹಾಳೆಯನ್ನು ಯಾರಿಗಾದರೂ ತೋರಿಸಬೇಕೆನ್ನಿಸಿ ದರ್ಜಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಕಾಗದ ಗಟ್ಟಿಯಾಗಿದೆ, ಬಟ್ಟೆಯ ಅಳತೆ ಕತ್ತರಿಸಲು ಚೆನ್ನಾಗಿರುತ್ತದೆ, ಹಳೆಯದಿದ್ದರೆ ಕೊಡಿ ಎಂದರು. ಕೊಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಗಂಡ ಕುರಿ ಹೊಡೆದುಕೊಂಡು ಹೊರಟ. ಇಲ್ಲಿ ಮೇವು ಮುಗಿದ ಮೇಲೆ ಆ ಕಡೆಯ ಕುರಿಗಾರರೆಲ್ಲ ಕಟಾವಾದ ನೀರಾವರಿ ಗದ್ದೆಗಳನ್ನು ಹುಡುಕಿಕೊಂಡು ಹೋಗುತ್ತಾರೆ, ಮಳೆ ಬಿದ್ದ ಮೇಲೆ ತಿರುಗುತ್ತಾರೆ. ಮುಂದಿನ ಸೋಮವಾರ ನಾನು ಹೋದಾಗ ಕೊಟ್ಟಿಗೆ ಗುಡಿಸಿತ್ತು. ಆಕೆ ಎಂದಿನಂತೆ ಅಂಬಲಿ ಕೊಟ್ಟರು. ಮಾತು ಮಾತ್ರ ಹೆಚ್ಚಾಗಿತ್ತು. ಹುಳುವಿನದು, ಮಕ್ಕಳದು, ತಾವು ಹುಡುಗಿಯಾಗಿದ್ದಾಗ ತೋಳ ಬಂದು ಮರಿ ಹೊತ್ತೊಯ್ದದ್ದು, ಎಲ್ಲ ಒಂದರ ಬಾಲಕ್ಕೊಂದು ಬರುತ್ತಿದ್ದವು. ಊರಿನವರು ಬರುವುದಿಲ್ಲವೇ ಎಂದು ಕೇಳಿದೆ. ಹುಳು ಸಾಕುವ ಮನೆ, ಕಂಡವರೆಲ್ಲ ಬಂದರೆ ದೃಷ್ಟಿಯಾಗುತ್ತದೆ ರೋಗ ಬರುತ್ತದೆ ಎಂದು ತಾವೇ ಯಾರನ್ನೂ ಸೇರಿಸುವುದಿಲ್ಲ, ಈಗ ಅವರಿಗೂ ಬಂದು ಅಭ್ಯಾಸವಿಲ್ಲ ಎಂದರು.

ಮಾರ್ಚ್ ಬಂತು. ಉಳಿದ ಮೂರು ಮನೆಗಳಲ್ಲೂ ಅಗ್ಗಿಷ್ಟಿಕೆಗಳು ಆರಿದವು. ನಾನು ಹೋಗುವುದು, ಚೀಲದ ತೂಕ ಹೋದ ವಾರದಷ್ಟೇ ಇದೆ ಎಂದು ನೋಡುವುದು, ಬರುವುದು. ಕೊನೆಕೊನೆಗೆ ಹದಿನೈದು ದಿನಕ್ಕೊಮ್ಮೆ ಸಾಕು ಎಂದು ಬೆಂಗಳೂರಿನಿಂದಲೇ ಬರೆದರು. ದೊಡ್ಡೇರಿಯ ಮನೆಯಲ್ಲಿ ಮಾತ್ರ ಚೀಲದ ತೂಕ ಇಳಿಯುತ್ತಲೇ ಇತ್ತು. ಏಪ್ರಿಲ್ ನಡುವಿಗೆ ಸೊಪ್ಪು ಒಣಗಿ ಹುಳುವೂ ಇರಲಿಲ್ಲ. ಹುಳು ಸಾಕುವ ತಟ್ಟೆಗಳನ್ನು ತೊಳೆದು ಒಂದರ ಮೇಲೊಂದು ಪೇರಿಸಿತ್ತು. ಇದ್ದಿಲು ಮಾತ್ರ ಚಳಿಗಾಲಕ್ಕಿಂತಲೂ ಹೆಚ್ಚು ಖರ್ಚಾಗುತ್ತಿತ್ತು. ಯಾಕೆ ಎಂದು ಕೇಳಿದರೆ, ಕೋಣೆಗೆ ತೇವ ಹಿಡಿದಿದೆ, ಒಣಗಿಸುತ್ತಿದ್ದೇನೆ ಎಂದರು. ಆ ಬಿಸಿಲಿಗೆ ಬಾವಿಯೇ ಒಣಗುತ್ತಿತ್ತು.

ಮೇ ತಿಂಗಳ ಮೊದಲಲ್ಲಿ ಇನ್ನೊಂದು ಲಕೋಟೆ ಬಂತು. ಬೇಸಿಗೆಯ ತಿಂಗಳುಗಳ ಎದುರು ಯಂತ್ರ ಒಂದೊಂದು ಸೊನ್ನೆ ಹಾಕಿತ್ತು. ಪಕ್ಕದಲ್ಲಿ ನನ್ನ ಅಂಕಿಗಳು. ಈ ಸಲ ಮುಖ್ಯಸ್ಥರ ಕಾಗದ ಉದ್ದವಾಗಿತ್ತು: ಹೊರಗೆ ಅಷ್ಟು ಸೆಖೆಯಿರುವಾಗ ಯಾವ ಮನೆಗೂ ಶಾಖ ಬೇಕಾಗುವುದಿಲ್ಲ. ಆ ಹೆಂಗಸು ಇದ್ದಿಲನ್ನು ಅಡುಗೆಗೆ ಬಳಸುತ್ತಿರಬೇಕು ಇಲ್ಲವೇ ಮಾರುತ್ತಿರಬೇಕು. ನೀವು ಅದನ್ನು ಗಮನಿಸದೆ ಇರುವುದು ಆಶ್ಚರ್ಯ. ಹೇಳದೆ ಕೇಳದೆ ಒಂದು ದಿನ ಹೋಗಿ ನೋಡಿ. ಓದಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮುಂದಿನ ಸೋಮವಾರ ಜಗಲಿಯಲ್ಲಿ ಕೂತಾಗ, ಅಡುಗೆಗೆ ಸೌದೆ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ಕೇಳಿದ ಧಾಟಿ ಅವರಿಗೆ ತಿಳಿದುಹೋಯಿತು. ಎದ್ದು ನನ್ನನ್ನು ಒಳಗೆ ಕರೆದು, ಹಿತ್ತಲಲ್ಲಿ ಆಳೆತ್ತರ ಒಟ್ಟಿದ್ದ ಜಾಲಿ ಸೌದೆಯನ್ನೂ, ಮಸಿ ಹಿಡಿದ ಸೌದೆ ಒಲೆಯನ್ನೂ ತೋರಿಸಿದರು. ಅಂದು ಅಂಬಲಿ ಕೊಟ್ಟರು, ಎದುರಿಗೆ ಕೂರಲಿಲ್ಲ.

ಆ ವಾರ ನನಗೆ ಕೋಣೆಯಲ್ಲಿ ಇರಲಾಗಲಿಲ್ಲ. ಶುಕ್ರವಾರ, ಹೋಗುವ ದಿನವಲ್ಲದಿದ್ದರೂ, ಮಧ್ಯಾಹ್ನದ ಬಸ್ಸಿಗೆ ಹೊರಟೆ. ಮುಖ್ಯಸ್ಥರು ಹೇಳಿದ್ದಕ್ಕೆ ಹೋದೆನೋ, ಕ್ಷಮೆ ಕೇಳಬೇಕೆಂದು ಹೋದೆನೋ, ಈಗಲೂ ಖಚಿತವಾಗಿ ಹೇಳಲಾರೆ. ಬಸ್ಸಿಳಿದು ನಡೆಯುವಾಗ ರಸ್ತೆಯ ಮೇಲೆ ಒಂದು ನಾಯಿಯೂ ಇರಲಿಲ್ಲ. ಆಕೆ ಜಗಲಿಯ ನೆರಳಿನಲ್ಲಿ ಗೋಡೆಗೊರಗಿ ಕೂತು, ಮುರಿದ ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮುಖ ಕೆಂಪಾಗಿತ್ತು. ನನ್ನನ್ನು ಕಂಡು ಏಳಲು ಹೋಗಿ ಏಳಲಿಲ್ಲ.

ಹುಳುವಿನ ಕೋಣೆಯ ಬಾಗಿಲು ತಳ್ಳಿದೆ. ಬಿಸಿ ಮುಖಕ್ಕೆ ರಾಚಿತು. ಖಾಲಿ ತಟ್ಟೆಗಳ ನಡುವೆ, ನೆಲದ ಮೇಲೆ, ಅಗ್ಗಿಷ್ಟಿಕೆ ತುಂಬ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಗೋಡೆಯ ಥರ್ಮಾಮೀಟರಿನಲ್ಲಿ ಪಾದರಸ ನಲವತ್ತು ದಾಟಿತ್ತು. ಒಂದು ಹುಳುವಿಲ್ಲ, ಒಂದು ಎಲೆಯಿಲ್ಲ. ಕಿಟಕಿ ತೆರೆದು ಹೊರಗೆ ಬಂದು ಅವರ ಪಕ್ಕದಲ್ಲಿ ಕೂತೆ. ಕೆಂಡದ ಗಾಳಿ ಮುಚ್ಚಿದ ಕೋಣೆಯಲ್ಲಿ ವಿಷವಾಗುತ್ತದೆ, ಒಳಗೆ ಮಲಗಿಬಿಟ್ಟೀರಿ ಎಂದೇನೋ ಹೇಳಿದೆ. ಆಮೇಲೆ ಯಾಕಮ್ಮ ಎಂದೆ.

ಅವರು ಮೊರದ ಅಂಚಿನಿಂದ ಒಂದು ಸೀಳು ಕಿತ್ತರು.

"ನೀನೇ ಅಲ್ವಾ ಮಗಾ ಅವತ್ತು ಯೋಳಿದ್ದು" ಎಂದರು. "ಇದ್ಲು ಉರಿಯಾಗಂಟ ಬತ್ತೀನಿ, ಒಲೆ ನಿಂತ್ರೆ ನಾನೂ ಬರಾದು ನಿಲ್ಲಿಸ್ಬುಡ್ತೀನಿ ಅಂತ. ಸ್ವಾಮಾರ ಸ್ವಾಮಾರ ತೂಗಿ ಚೀಲ ಇಳ್ದದೆ ಅಂದಾಗ ನಂಗೆ ಸಮಾದಾನ ಆಗೋದು. ಇನ್ನೊಂದ್ ವಾರ ಬತ್ತಾನೆ ಅನ್ಕಳ್ತಿದ್ದೆ."

ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಹೇಳಿರಬೇಕು. ಅಂಬಲಿ ಕುಡಿಯುತ್ತಾ, ಎಲ್ಲಿಯವರೆಗೆ ಬರುತ್ತೀರಿ ಎಂದು ಕೇಳಿದ್ದಕ್ಕೆ ಸುಮ್ಮನೆ ಕೊಟ್ಟ ಉತ್ತರ ಇದ್ದಿರಬಹುದು. ಅಲ್ಲಿಯವರೆಗೆ ಆಕೆ ನನ್ನನ್ನು ಸಾಮಿ ಎಂದೇ ಕರೆದಿದ್ದರು, ನೀವು ಎಂದೇ ಮಾತಾಡಿದ್ದರು. ಹುಳುವಿಲ್ಲದ ಕೋಣೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ದಿನವೂ ಒಬ್ಬರೇ ಕೂತು ಇದ್ದಿಲು ಉರಿಸಿದ್ದರು.

ನನಗೂ ಹೇಳುವುದಿತ್ತು. ಫೆಬ್ರವರಿಯಿಂದ ನಾನು ಸೋಮವಾರ ಹತ್ತರ ಬಸ್ಸಿನ ಬದಲು ಎಂಟರ ಬಸ್ಸಿಗೇ ಬರುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಸಾಕು ಎಂದು ಬರೆದ ಮೇಲೂ, ಆ ಮನೆಯ ಅಳತೆ ಗೋಜಲಾಗಿದೆ ಎಂಬ ನೆಪ ಹೇಳಿ ವಾರವಾರ ಬಂದಿದ್ದೆ. ಚೀಲ ಇಳಿದಿದೆ ಎಂದು ಕಂಡಾಗ ನನಗೂ ಒಳಗೊಳಗೇ ಹಿತವೆನ್ನಿಸಿತ್ತು. ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಆಗಲಿಲ್ಲ. ಇದ್ದಿಲು ಉರಿಯದಿದ್ದರೂ ಬರುತ್ತೇನೆ, ಇನ್ನು ಮೇಲೆ ಹಚ್ಚಬೇಡಿ ಎಂದಷ್ಟೇ ಹೇಳಿದೆ. ಆಕೆ ತಲೆಯಾಡಿಸಿ, ಎದ್ದು ಒಳಗಿನಿಂದ ನೀರು ತಂದುಕೊಟ್ಟರು. ಅಗ್ಗಿಷ್ಟಿಕೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಅಂಗಳಕ್ಕೆ ತಂದು ಕೆಂಡ ಆರಿಸಿದೆವು.

ಮುಖ್ಯಸ್ಥರಿಗೆ ಏನು ಬರೆಯಬೇಕೆಂದು ಎರಡು ದಿನ ಯೋಚಿಸಿದೆ. ನಿಜ ಬರೆದರೆ ಅವರು ಕೆಟ್ಟವರಾಗಿ ನಡೆದುಕೊಳ್ಳುತ್ತಿದ್ದರು ಎಂದೇನೂ ಅಲ್ಲ. ಕುರಿಗಳ ವಿಷಯದ ಹಾಗೆ ಇದನ್ನೂ ಖುಷಿಯಾಗಿ ನಾಲ್ಕು ಜನಕ್ಕೆ ಹೇಳುತ್ತಿದ್ದರು. ಚಹಾ ಕುಡಿಯುವಾಗ ನಗುತ್ತಿದ್ದರು. ಅದು ನನಗೆ ಬೇಡವಾಗಿತ್ತು. ಮಾರ್ಚಿನಿಂದ ಈಚಿನ ಅಂಕಿಗಳು ನನ್ನ ತಪ್ಪು, ಹೊಸ ಚೀಲ ಇಳಿಸಿದಾಗ ಹಳೆಯದರ ತೂಕ ಕಳೆಯುವುದನ್ನು ಮರೆತಿದ್ದೇನೆ, ಬೇಸಿಗೆಯ ಬಳಕೆ ಸೊನ್ನೆ ಎಂದು ತಿದ್ದಿಕೊಳ್ಳಬೇಕು ಎಂದು ಬರೆದೆ. ಉತ್ತರ ಚಿಕ್ಕದಾಗಿತ್ತು. ಇಷ್ಟು ಸಣ್ಣ ವಿಷಯದಲ್ಲಿ ಮೂರು ತಿಂಗಳು ತಪ್ಪಿದ್ದು ನೋಡಿ ಬೇಸರವಾಗಿದೆ, ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡುತ್ತೇವೆ, ಜೂನ್ ಕೊನೆಗೆ ಉಪಕರಣಗಳನ್ನೆಲ್ಲ ಒಪ್ಪಿಸಿ ಎಂದಿತ್ತು. ಆ ಸಂಸ್ಥೆಯಲ್ಲಿ ಉಳಿಯಬೇಕೆಂಬ ಆಸೆ ನನಗಿತ್ತು. ಅಂದು ಹೋಟೆಲಿಗೆ ಹೋಗದೆ ಕೋಣೆಯಲ್ಲೇ ಕೂತಿದ್ದೆ.

ಉಳಿದ ಸೋಮವಾರಗಳು ಚೆನ್ನಾಗಿದ್ದವು. ತೂಗಲು ಏನೂ ಇರಲಿಲ್ಲವಾದ್ದರಿಂದ ತಕ್ಕಡಿಯನ್ನು ಕೋಣೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಹುಳು ಗೂಡು ಕಟ್ಟುವ ಚಂದ್ರಂಕಿಗಳ ಬಿದಿರು ಸಡಿಲವಾಗಿತ್ತು, ಇಬ್ಬರೂ ಕೂತು ಕಟ್ಟಿದೆವು. ಮಾಳಿಗೆಯಲ್ಲಿ ನಾನು ಕೆದಕಿದ್ದ ಮೂಲೆಗೆ ಮಣ್ಣು ಮೆತ್ತಿದೆವು. ಒಂದು ದಿನ ಅವರು ಮಕ್ಕಳಿಗೆ ಕಾಗದ ಬರೆಸಿದರು. ಕುಶಲ ಎಂದು ಬರೆದ ಮೇಲೆ ಇನ್ನೇನು ಬರೆಯಲಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಬಾವಿಯಲ್ಲಿ ಇನ್ನೂ ನೀರಿದೆ ಎಂದು ಬರಿ ಎಂದರು. ನಾನು ಜೂನ್ ಕೊನೆಗೆ ಹೋಗುತ್ತೇನೆಂದು ಹೇಳಿರಲಿಲ್ಲ. ಪ್ರತಿ ವಾರ ಹೇಳಬೇಕೆಂದುಕೊಂಡೇ ಹೋಗುತ್ತಿದ್ದೆ.

ಜೂನ್ ಮೂರನೇ ವಾರ ಎರಡು ದಿನ ಮಳೆ ಹಿಡಿಯಿತು. ಕೊನೆಯ ಸೋಮವಾರ, ಹಣ್ಣು ಕಟ್ಟಿಸಿಕೊಂಡು, ಹೇಳಬೇಕಾದ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಹೋದೆ. ದೂರದಿಂದಲೇ ಸದ್ದು ಕೇಳಿಸಿತು. ಅಂಗಳದ ತುಂಬ ಕುರಿಗಳು. ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಮರಿಗಳಿದ್ದವು. ಗಂಡ ಕಂಬಳಿ ಕೊಡವುತ್ತಾ ನಿಂತಿದ್ದ; ತೆಳ್ಳಗಾಗಿದ್ದ, ಗಡ್ಡ ಬಂದಿತ್ತು. ಆಕೆ ಒಂದು ಮರಿಯ ಕಾಲಿಗೆ ಏನೋ ಅರೆದು ಹಚ್ಚುತ್ತಾ, ಅವನನ್ನು ಬೈಯುತ್ತಾ, ಮಧ್ಯೆ ಮಧ್ಯೆ ನಗುತ್ತಾ ಇದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಹಾಗೆ ಬಾಚಿಕೊಂಡಿದ್ದನ್ನು ನಾನು ನೋಡಿರಲಿಲ್ಲ.

"ಬನ್ನಿ ಸಾಮಿ, ಕುಂತ್ಕಳಿ, ಬಂದೆ" ಎಂದರು ನನ್ನನ್ನು ಕಂಡು.

ಕೂತೆ. ಗಂಡ ತಾನೇ ಅಂಬಲಿ ತಂದುಕೊಟ್ಟು, ಯಾವ ಊರಿನ ಗದ್ದೆಯಲ್ಲಿ ಎಷ್ಟು ದಿನ ಇದ್ದೆವು, ಎಲ್ಲಿ ಎರಡು ಕುರಿ ಸತ್ತವು ಎಂದು ಹೇಳಿದ. ನನ್ನ ಕೆಲಸ ಮುಗಿಯಿತು, ಈ ವಾರ ಹೋಗುತ್ತೇನೆ ಎಂದು ಅವನಿಗೇ ಹೇಳಿದೆ. ಅವನು ಒಳಕ್ಕೆ ಕೂಗಿ ಹೇಳಿದ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತು, ಹೌದಾ, ಹೋಗಿಬನ್ನಿ, ಮದುವೆಯಾದರೆ ಒಂದು ಕಾಗದ ಹಾಕಿ ಎಂದರು. ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಯಿತು. ಅಷ್ಟರಲ್ಲಿ ತಾಯಿ ತಪ್ಪಿದ ಒಂದು ಮರಿ ಅಡುಗೆಮನೆಗೆ ನುಗ್ಗಿತು. ಅದರ ಹಿಂದೆ ಓಡಿದರು.

ನನಗೆ ಸಂತೋಷವೇ ಆಗಬೇಕಿತ್ತು. ಆಗಲಿಲ್ಲ ಎಂದು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು. ಹಣ್ಣನ್ನು ಜಗಲಿಯ ಮೇಲಿಟ್ಟು, ಹುಳುವಿನ ಕೋಣೆಯ ಗೋಡೆಯಿಂದ ಥರ್ಮಾಮೀಟರ್ ಬಿಚ್ಚಿಕೊಂಡು, ಕುರಿಗಳ ನಡುವೆ ದಾರಿ ಮಾಡಿಕೊಂಡು ರಸ್ತೆಗೆ ಬಂದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಮಳೆ ಹನಿಯತೊಡಗಿತು. ನಿಲ್ಲಲು ಅಲ್ಲೊಂದು ಹುಣಸೆ ಮರವಿತ್ತು. ಅದರ ಕೆಳಗೆ ನಿಂತುಕೊಂಡೆ.